ನೊರೆಯ ಜೆಟ್ಟು ಮತ್ತು ಅದರ ಪೂರ್ವಿಕರು

ಮಾದರಿ ವಿಮಾನವೆಂದರೆ ಮಕ್ಕಳ ಆಟಿಕೆ ಎಂದೇ ನಮ್ಮಲ್ಲಿ ಬಹುಮಂದಿಯ ಎಣಿಕೆ. ದೊಡ್ಡ ವಿಮಾನ ಮೊದಲು ಹುಟ್ಟಿತು, ಅದನ್ನು ಕಂಡವರು ಯಾರೋ ಮೇಜಿನ ಮೇಲಿಡುವ ಅಳತೆಗೆ ಅದನ್ನು ಇಳಿಸಿದರು ಎಂದು ನಾವು ಸಹಜವಾಗಿ ಭಾವಿಸುತ್ತೇವೆ. ಚರಿತ್ರೆಯ ಪುಟಗಳನ್ನು ತಿರುವಿದರೆ ಸಂಗತಿ ಹಿಂದುಮುಂದಾಗಿ ತೋರುತ್ತದೆ. ರೈಟ್ ಸಹೋದರರು ಯಂತ್ರದ ವಿಮಾನವನ್ನೇರಿ ನೆಲ ಬಿಟ್ಟದ್ದು 1903ರಲ್ಲಿ. ಅದಕ್ಕೆ ಮೂವತ್ತೆರಡು ವರ್ಷ ಮೊದಲೇ ರಬ್ಬರು ಪಟ್ಟಿಯ ಬಲದಿಂದ ಪುಟ್ಟ ವಿಮಾನವೊಂದು ಜನರ ಕಣ್ಣೆದುರಿಗೆ ನೆಟ್ಟಗೆ ಹಾರಿತ್ತು. ಮನೆತನದ ಹಿರಿಯರಲ್ಲಿ ಗಾತ್ರಕ್ಕೆ ಚಿಕ್ಕವರೂ ಇರುವಂತೆ, ವಿಮಾನಗಳ ಮನೆತನದಲ್ಲಿ ಹಿರಿಯನೆಂದರೆ ಈ ಮಾದರಿಯೇ.

ಈ ಮಾತನ್ನು ನೆನಪಿನಲ್ಲಿಟ್ಟುಕೊಂಡು, ಇಂದು ಪೇಟೆಯಲ್ಲಿ ದೊರೆಯುವ ಬಾನುಲಿ ನಿಯಂತ್ರಣದ ಜೆಟ್ ಮಾದರಿಯೊಂದನ್ನು ಕೈಗೆತ್ತಿಕೊಂಡು ನೋಡಿ. ರೆಕ್ಕೆಯ ತುದಿಯಿಂದ ತುದಿಗೆ ಮೂರಡಿಯ ಆಸುಪಾಸು. ತೂಕ ಹೆಚ್ಚೆಂದರೆ ಒಂದು ಕಿಲೋಗ್ರಾಂ. ಬಣ್ಣ, ಗುರುತು, ಚಾಲಕನ ಗಾಜಿನ ಗೂಡು ಎಲ್ಲವೂ ಕಾದಾಟದ ವಿಮಾನದ್ದೇ. ಆದರೆ ಉಗುರಿನಿಂದ ಮೆಲ್ಲಗೆ ಒತ್ತಿದರೆ ಮೈ ತಗ್ಗುತ್ತದೆ. ಅದು ನೊರೆ ಪ್ಲಾಸ್ಟಿಕ್ಕು. ನಾವು ಗಣೇಶನ ಮಂಟಪಕ್ಕೆ ಕತ್ತರಿಸಿಕೊಳ್ಳುವ ಥರ್ಮೋಕೋಲಿನ ದಾಯಾದಿ. ಇಂಥ ವಿಮಾನವನ್ನು ಕೊಂಡವರ ಬಾಯಲ್ಲಿ ಎರಡು ಪ್ರಶ್ನೆಗಳು ತಪ್ಪದೆ ಬರುತ್ತವೆ. ಇದನ್ನು ಇನ್ನಷ್ಟು ಚುರುಕುಗೊಳಿಸುವುದು ಹೇಗೆ? ಹಾರಿಸದ ದಿನಗಳಲ್ಲಿ ಕೆಡದಂತೆ ಇಡುವುದು ಹೇಗೆ? ಈ ಎರಡು ಪ್ರಶ್ನೆಗಳಿಗೂ ಅಂಗಡಿಯವನಿಗಿಂತ ಚರಿತ್ರೆ ಚೆನ್ನಾಗಿ ಉತ್ತರ ಕೊಡಬಲ್ಲದು ಎಂಬುದು ನನ್ನ ಅಭಿಪ್ರಾಯ. ಆದುದರಿಂದ ಓದುಗರನ್ನು ಸ್ವಲ್ಪ ಹಿಂದಕ್ಕೆ ಕರೆದೊಯ್ಯುತ್ತೇನೆ.

1848ರಲ್ಲಿ ಇಂಗ್ಲೆಂಡಿನ ಚಾರ್ಡ್ ಎಂಬ ಊರಿನಲ್ಲಿ ಜಾನ್ ಸ್ಟ್ರಿಂಗ್‌ಫೆಲೋ ಎಂಬಾತ, ಕೆಲಸ ನಿಂತಿದ್ದ ಕಸೂತಿ ಗಿರಣಿಯೊಂದರ ಉದ್ದನೆಯ ಕೋಣೆಯಲ್ಲಿ ಉಗಿಯಂತ್ರದ ಮಾದರಿಯೊಂದನ್ನು ಹಾರಿಸಲು ಯತ್ನಿಸಿದನು. ಅದು ತಾನಾಗಿ ಹಾರಿತೇ, ಇಲ್ಲವೇ ಎಂಬ ಬಗ್ಗೆ ವಿದ್ವಾಂಸರಲ್ಲಿ ಇನ್ನೂ ವಾದವುಂಟು. ಅವನ ಪರೀಕ್ಷೆ ಮನೆಯೊಳಗೇ ನಡೆದದ್ದೇಕೆ ಎಂಬುದಂತೂ ಸ್ಪಷ್ಟ. ಅಷ್ಟು ಹಗುರವಾದ ವಸ್ತುವಿಗೆ ಬಯಲಿನ ಗಾಳಿಯೇ ಶತ್ರು. ವಾದಕ್ಕೆ ಎಡೆಯಿಲ್ಲದ ಹಾರಾಟ ನಡೆದದ್ದು 1871ರ ಆಗಸ್ಟ್ 18ರಂದು, ಪ್ಯಾರಿಸಿನ ತ್ವಿಲರಿ ಉದ್ಯಾನದಲ್ಲಿ. ಆಲ್ಫೋನ್ಸ್ ಪೆನೋ ಎಂಬ ಇಪ್ಪತ್ತೊಂದು ವರ್ಷದ ತರುಣ ತಿರುಚಿದ ರಬ್ಬರು ಪಟ್ಟಿಯಿಂದ ನಡೆಯುವ ವಿಮಾನವನ್ನು ಬಿಟ್ಟನು. ಅದು 11 ಸೆಕೆಂಡುಗಳ ಕಾಲ ಗಾಳಿಯಲ್ಲಿತ್ತು. ಅದರ ತೂಕ ಸುಮಾರು 16 ಗ್ರಾಂ.

ಪೆನೋ ಕಂಡುಕೊಂಡ ಗುಟ್ಟು ರಬ್ಬರಿಗಿಂತ ದೊಡ್ಡದು. ವಿಮಾನದ ಬಾಲದಲ್ಲಿ ಒಂದು ಚಿಕ್ಕ ರೆಕ್ಕೆಯನ್ನಿಟ್ಟು, ಅದನ್ನು ಮುಂದಿನ ರೆಕ್ಕೆಗಿಂತ ಸ್ವಲ್ಪ ಬೇರೆ ಕೋನಕ್ಕೆ ತಿರುಗಿಸಿದರೆ, ಮೂತಿ ಎದ್ದಾಗ ಬಾಲ ಅದನ್ನು ತಗ್ಗಿಸುತ್ತದೆ; ಮೂತಿ ಬಿದ್ದಾಗ ಎತ್ತುತ್ತದೆ. ಆದರೆ ಭಾರದ ಕೇಂದ್ರ ಸರಿಯಾದ ಸ್ಥಳದಲ್ಲಿದ್ದರೆ ಮಾತ್ರ ಈ ಉಪಾಯ ನಡೆಯುತ್ತದೆ. ನಿಮ್ಮ ನೊರೆಯ ಜೆಟ್ಟಿನ ಕೈಪಿಡಿಯಲ್ಲಿ, ರೆಕ್ಕೆಯ ಮುಂಚಿನಿಂದ ಇಷ್ಟು ಮಿಲಿಮೀಟರಿಗೆ ತಕ್ಕಡಿ ನಿಲ್ಲಬೇಕು ಎಂದು ಬರೆದಿರುತ್ತದಲ್ಲವೇ? ಅದು ಪೆನೋ ಬಿಟ್ಟುಹೋದ ಆಸ್ತಿ. ಆತ ಮನುಷ್ಯನನ್ನು ಹೊರುವ ದೊಡ್ಡ ವಿಮಾನಕ್ಕೂ ನಕ್ಷೆ ಬರೆದನು. ಅದನ್ನು ಕಟ್ಟಲು ಹಣ ಸಿಗಲಿಲ್ಲ. 1880ರಲ್ಲಿ, ಮೂವತ್ತರ ಹರೆಯದಲ್ಲೇ, ತನ್ನ ಪ್ರಾಣವನ್ನು ತಾನೇ ಕಳೆದುಕೊಂಡನು.

ಅದಕ್ಕೆ ಎರಡು ವರ್ಷ ಮೊದಲು, 1878ರಲ್ಲಿ, ಅಮೆರಿಕದ ಪಾದ್ರಿಯೊಬ್ಬರು ಪೆನೋನ ಮಾದರಿಯದೇ ಒಂದು ಆಟಿಕೆಯನ್ನು ತಮ್ಮ ಇಬ್ಬರು ಗಂಡುಮಕ್ಕಳಿಗಾಗಿ ತಂದರು. ಬಿದಿರು, ಕಾಗದ, ಬೆಂಡು, ರಬ್ಬರು ಪಟ್ಟಿ, ಅದರಲ್ಲಿದ್ದುದು ಇಷ್ಟೇ. ಹುಡುಗರಲ್ಲಿ ದೊಡ್ಡವನಿಗೆ ಹನ್ನೊಂದು ವರ್ಷ, ಚಿಕ್ಕವನಿಗೆ ಏಳು. ಆಟಿಕೆ ಬೇಗನೆ ಮುರಿಯಿತು. ಹುಡುಗರು ತಾವೇ ಅದರಂಥದನ್ನು ಮಾಡಿಕೊಂಡರು. ಆಮೇಲೆ ಗಾತ್ರವನ್ನು ಹೆಚ್ಚಿಸುತ್ತ ಹೋದರು. ಗಾತ್ರ ಹೆಚ್ಚಿದಷ್ಟೂ ಆಟಿಕೆ ಹಾರಲು ಮೊಂಡುಹಿಡಿಯಿತು. ಏಕೆಂದು ಅವರಿಗೆ ಆಗ ಅರ್ಥವಾಗಲಿಲ್ಲ. ಅಳತೆ ಎರಡರಷ್ಟಾದರೆ ಬೇಕಾಗುವ ಶಕ್ತಿ ಎಂಟರಷ್ಟಾಗುತ್ತದೆಂಬ ಲೆಕ್ಕ ತಮಗಿನ್ನೂ ತಿಳಿದಿರಲಿಲ್ಲವೆಂದು ಮುಂದೆ ದೊಡ್ಡವರಾದ ಮೇಲೆ ಅವರೇ ಬರೆದಿದ್ದಾರೆ. ಆ ಹುಡುಗರು ವಿಲ್ಬರ್ ಮತ್ತು ಆರ್ವಿಲ್ ರೈಟ್. ಮಾದರಿ ವಿಮಾನವನ್ನು ಉತ್ತಮಪಡಿಸಲು ಹೊರಟು ಕೆಡಿಸಿದವರ ಪಟ್ಟಿಯಲ್ಲಿ ಮೊದಲ ಹೆಸರು ಇವರದೇ ಎಂದರೆ, ಇಂದಿನ ಹವ್ಯಾಸಿಗಳಿಗೆ ಸ್ವಲ್ಪ ಸಮಾಧಾನವಾದೀತು.

ಇದೇ ಪಾಠವನ್ನು ಹೆಚ್ಚು ಬೆಲೆ ತೆತ್ತು ಕಲಿತವರು ವಾಷಿಂಗ್ಟನ್ನಿನ ಸ್ಮಿತ್ಸೋನಿಯನ್ ಸಂಸ್ಥೆಯ ಮುಖ್ಯಸ್ಥರಾಗಿದ್ದ ಸ್ಯಾಮ್ಯುಯೆಲ್ ಲ್ಯಾಂಗ್ಲೆ. 1896ರ ಮೇ 6ರಂದು ಅವರ ಉಗಿಯಂತ್ರದ ಮಾದರಿ ಪೊಟೊಮ್ಯಾಕ್ ನದಿಯ ಮೇಲೆ ಸುಮಾರು ಒಂದು ಕಿಲೋಮೀಟರು ದೂರ ಹಾರಿತು. ದೂರವಾಣಿಯನ್ನು ಕಂಡುಹಿಡಿದ ಗ್ರಹಾಂ ಬೆಲ್ ಅದರ ಛಾಯಾಚಿತ್ರ ತೆಗೆದರು. ಲ್ಯಾಂಗ್ಲೆ ಅದೇ ರೂಪವನ್ನು ಮನುಷ್ಯನನ್ನು ಹೊರುವಷ್ಟು ದೊಡ್ಡದು ಮಾಡಿದರು. ಆ ಕಾಲಕ್ಕೆ ಅತ್ಯುತ್ತಮವೆನಿಸುವ ಪೆಟ್ರೋಲು ಯಂತ್ರವನ್ನೂ ಅದಕ್ಕೆ ಹೂಡಿದರು. 1903ರ ಅಕ್ಟೋಬರ್ 7ರಂದು ಒಮ್ಮೆ, ಡಿಸೆಂಬರ್ 8ರಂದು ಮತ್ತೊಮ್ಮೆ ಅದು ನೀರಿಗೆ ಬಿತ್ತು. ಎರಡನೆಯ ಸೋಲಾಗಿ ಒಂಬತ್ತೇ ದಿನಕ್ಕೆ ರೈಟ್ ಸಹೋದರರು ಹಾರಿದರು. ಲ್ಯಾಂಗ್ಲೆಯವರ ಯಂತ್ರ ರೈಟರ ಯಂತ್ರಕ್ಕಿಂತ ಎಷ್ಟೋ ಬಲವಾದುದಾಗಿತ್ತು. ಆದರೆ ಬಲವಾದ ಯಂತ್ರವನ್ನು ಹೊರಬೇಕಾದ ಮೈ ಅದಕ್ಕೆ ತಕ್ಕಂತಿರಲಿಲ್ಲ.

ರೈಟರ ತರುವಾಯ ಮಾದರಿಯ ಕೆಲಸ ಮುಗಿಯಲಿಲ್ಲ. ದೊಡ್ಡ ವಿಮಾನ ತನ್ನ ದಾರಿ ಹಿಡಿದ ಮೇಲೆ, ಮಾದರಿ ಹವ್ಯಾಸಿಗಳ ಪಾಲಿಗೆ ಬಂತು. ಅವರು ಹುಡುಕುತ್ತಿದ್ದ ವಸ್ತುವನ್ನು ದಕ್ಷಿಣ ಅಮೆರಿಕದ ಕಾಡು ಒದಗಿಸಿತು. ಅದೇ ಬಾಲ್ಸಾ ಮರ. ಒಂದು ಲೀಟರು ಗಾತ್ರದ ತೇಗದ ತುಂಡು 600 ಗ್ರಾಂ ಮೀರಿ ತೂಗಿದರೆ, ಅಷ್ಟೇ ಗಾತ್ರದ ಬಾಲ್ಸಾ 150 ಗ್ರಾಮಿನ ಆಸುಪಾಸು ತೂಗುತ್ತದೆ. ಬಾಲ್ಸಾದ ಪಕ್ಕೆಲುಬುಗಳ ಮೇಲೆ ತೆಳು ಕಾಗದವನ್ನೋ ರೇಷ್ಮೆಯನ್ನೋ ಹೊದಿಸಿ, ಅರಗೆಣ್ಣೆ ಬಳಿದು ಬಿಗಿಗೊಳಿಸಿದರೆ ರೆಕ್ಕೆ ಸಿದ್ಧವಾಯಿತು. ಈ ವಿಮಾನಗಳನ್ನು ಕಟ್ಟಲು ತಿಂಗಳುಗಟ್ಟಲೆ ಹಿಡಿಯುತ್ತಿತ್ತು. ಮುರಿಯಲು ಒಂದು ಕ್ಷಣ ಸಾಕಾಗಿತ್ತು. ಆದುದರಿಂದ ಕಟ್ಟಿದವರು ಅವುಗಳನ್ನು ಜೋಪಾನವಾಗಿ ಇಡುತ್ತಿದ್ದರು ಎಂಬುದನ್ನು ಇಲ್ಲಿ ಗಮನಿಸಿ. ಈ ಮಾತಿಗೆ ಮುಂದೆ ಮತ್ತೆ ಬರುತ್ತೇನೆ.

ಇನ್ನು ಬಾನುಲಿಯ ವಿಷಯ. ತಂತಿಯಿಲ್ಲದೆ ಯಂತ್ರವನ್ನು ನಡೆಸಬಹುದೆಂದು 1898ರಲ್ಲೇ ನಿಕೋಲಾ ಟೆಸ್ಲಾ ನ್ಯೂಯಾರ್ಕಿನ ಸಭಿಕರಿಗೆ ಪುಟ್ಟ ದೋಣಿಯೊಂದರ ಮೂಲಕ ತೋರಿಸಿದ್ದನು. ಅದು ಆಕಾಶಕ್ಕೇರಲು ನಾಲ್ಕು ದಶಕ ಬೇಕಾಯಿತು. ಅಮೆರಿಕದ ಕಲಮಜೂ ಊರಿನ ಅವಳಿ ಸಹೋದರರಾದ ವಾಲ್ಟರ್ ಗುಡ್ ಮತ್ತು ವಿಲಿಯಂ ಗುಡ್, 1937ರ ಸುಮಾರಿಗೆ ಎಂಟು ಅಡಿ ರೆಕ್ಕೆಯ ಮಾದರಿಯೊಂದನ್ನು ಬಾನುಲಿಯಿಂದ ತಿರುಗಿಸಿದರು. ಅದಕ್ಕೆ ಅವರಿಟ್ಟ ಹೆಸರು 'ಗಫ್'. 1938ರ ರಾಷ್ಟ್ರೀಯ ಸ್ಪರ್ಧೆಯಲ್ಲಿ ಬಹುಮಾನ ಪಡೆದ ಈ ವಿಮಾನ ಇಂದು ವಾಷಿಂಗ್ಟನ್ನಿನ ರಾಷ್ಟ್ರೀಯ ವಾಯು ಮತ್ತು ಅಂತರಿಕ್ಷ ಸಂಗ್ರಹಾಲಯದ ಸ್ವತ್ತು.

ರೇಡಿಯೋ ಕೇಳುವವರಿಗೆ ಒಂದು ತೊಂದರೆ ಚೆನ್ನಾಗಿ ಗೊತ್ತು. ಎರಡು ನಿಲಯಗಳ ಕಂಪನಾಂಕ ಹತ್ತಿರ ಬಂದರೆ ಒಂದರ ಸಂಗೀತದಲ್ಲಿ ಮತ್ತೊಂದರ ವಾರ್ತೆ ಬೆರೆಯುತ್ತದೆ. ನಮಗೆ ಅದು ಬೇಸರದ ಸಂಗತಿ ಮಾತ್ರ. ಮಾದರಿ ವಿಮಾನಕ್ಕೆ ಅದು ಪ್ರಾಣಸಂಕಟ. ಬಯಲಿನಲ್ಲಿ ಇಬ್ಬರು ಒಂದೇ ಕಂಪನಾಂಕದ ಪ್ರೇಷಕಗಳನ್ನು ಹಚ್ಚಿದರೆ ಒಬ್ಬನ ವಿಮಾನ ನೆಲಕ್ಕೆ ಬೀಳುವುದು ಖಂಡಿತ. ಅದಕ್ಕಾಗಿ ದಶಕಗಳ ಕಾಲ ಹವ್ಯಾಸಿಗಳ ಸಂಘಗಳಲ್ಲಿ ಹಲಗೆಯೊಂದಕ್ಕೆ ಬಟ್ಟೆಯೊಣಗಿಸುವ ಚಿಮಟಗಳನ್ನು ಸಿಕ್ಕಿಸಿಡುತ್ತಿದ್ದರು. ತನ್ನ ಕಂಪನಾಂಕದ ಚಿಮಟ ಕೈಯಲ್ಲಿದ್ದವನಿಗೆ ಮಾತ್ರ ಹಾರಿಸುವ ಹಕ್ಕು. ಸಂದೇಶವನ್ನು ಒಂದೇ ಕಂಪನಾಂಕದಲ್ಲಿ ಕೂರಿಸದೆ ಜಿಗಿಸುತ್ತ ಕಳುಹಿಸುವ ಉಪಾಯಕ್ಕೆ ಚಿತ್ರನಟಿ ಹೆಡಿ ಲಮಾರ್ ಮತ್ತು ಸಂಗೀತಗಾರ ಜಾರ್ಜ್ ಆಂಥೈಲ್ 1942ರಲ್ಲಿ ಪೇಟೆಂಟು ಪಡೆದಿದ್ದರು. ಈ ಶತಮಾನದ ಮೊದಲ ದಶಕದಲ್ಲಿ ಅದೇ ಜಾತಿಯ ಉಪಾಯಗಳು 2.4 ಗಿಗಾಹರ್ಟ್ಸ್ ಪಟ್ಟಿಯಲ್ಲಿ ಮಾದರಿ ವಿಮಾನಗಳಿಗೆ ಬಂದುವು. ಚಿಮಟದ ಹಲಗೆಗಳಿಗೆ ಬಹುಮಟ್ಟಿಗೆ ಕೆಲಸ ತಪ್ಪಿತು.

ಇಷ್ಟಾದರೂ ಜೆಟ್ ವಿಮಾನದ ಮಾದರಿ ಬಹುಕಾಲ ಹವ್ಯಾಸಿಗಳ ಕೈಗೆ ನಿಲುಕಲಿಲ್ಲ. ಎರಡನೆಯ ಮಹಾಯುದ್ಧದ ಕೊನೆಗೆ ಜೆಟ್ಟುಗಳು ಆಕಾಶದಲ್ಲಿ ಕಾಣಿಸಿಕೊಂಡಾಗ ಎಲ್ಲ ಹುಡುಗರಿಗೂ ಅಂಥದೇ ಬೇಕಾಯಿತು. 1948ರಲ್ಲಿ ಇಂಗ್ಲೆಂಡಿನಲ್ಲಿ 'ಜೆಟೆಕ್ಸ್' ಎಂಬ ಪುಟ್ಟ ರಾಕೆಟ್ಟು ಮಾರಾಟಕ್ಕೆ ಬಂತು. ಅದರ ಗುಳಿಗೆ ಉರಿದು ಕೆಲವು ಸೆಕೆಂಡು ಬಲ ಕೊಡುತ್ತಿತ್ತು. ಅಮೆರಿಕದಲ್ಲಿ ಮಿಡಿಯುವ ಜೆಟ್ಟಿನ ಕೊಳವೆಗಳು ಬಂದುವು. ಅವುಗಳ ಅರಚಾಟ ಮತ್ತು ಕಾವನ್ನು ನೆರೆಹೊರೆಯವರು ಸಹಿಸುವುದು ಕಷ್ಟವಾಗಿತ್ತು. ನಿಜವಾದ ಅನಿಲ ಟರ್ಬೈನನ್ನು ಹೂಡಿದ ಬಾನುಲಿ ಮಾದರಿ ಹಾರಿದ್ದು 1983ರಲ್ಲಿ, ಇಂಗ್ಲೆಂಡಿನ ಜೆರಿ ಜ್ಯಾಕ್‌ಮನ್ ಎಂಬವರ ಶ್ರಮದಿಂದ. ಅದಾದ ಕೆಲವು ವರ್ಷಗಳಲ್ಲಿ ಜರ್ಮನಿಯ ಕುರ್ಟ್ ಶ್ರೆಕ್ಲಿಂಗ್ ಮನೆಯ ಕಾರ್ಯಾಗಾರದಲ್ಲೇ ಮಾಡಬಹುದಾದ ಟರ್ಬೈನನ್ನು ರೂಪಿಸಿದರು. ಗಾಳಿಯನ್ನು ಒತ್ತುವ ಅದರ ಚಕ್ರ ಪದರ ಹಲಗೆಯದು! ಉರಿಯುವ ಯಂತ್ರದ ಎದೆಯಲ್ಲಿ ಮರದ ಚಕ್ರವಿದ್ದುದನ್ನು ಕೇಳಿ ನಮ್ಮ ಬಡಗಿಗಳು ಹೆಮ್ಮೆಪಡಬಹುದು.

ಟರ್ಬೈನಿನ ಬೆಲೆ ಮತ್ತು ಅಪಾಯವನ್ನು ಎಲ್ಲರೂ ಹೊರಲಾರರು. ಉಳಿದವರಿಗೆ ಇದ್ದ ದಾರಿಯೆಂದರೆ ವಿಮಾನದ ಹೊಟ್ಟೆಯೊಳಗೆ ನಳಿಗೆಯಿಟ್ಟು, ಆ ನಳಿಗೆಯಲ್ಲಿ ಪುಟ್ಟ ಪಂಖವನ್ನು ತಿರುಗಿಸುವುದು. ಇಂದಿನ ನೊರೆಯ ಜೆಟ್ಟುಗಳಲ್ಲಿ ಬಹುಪಾಲು ಈ ಜಾತಿಯವೇ. ಹೊರಗೆ ಜೆಟ್ಟು, ಒಳಗೆ ಪಂಖ. ಇಲ್ಲಿಯೂ ಪ್ರಕೃತಿ ಸುಂಕ ಕೇಳುತ್ತದೆ. ದೊಡ್ಡ ಪಂಖ ಬಹಳ ಗಾಳಿಯನ್ನು ಮೆಲ್ಲಗೆ ತಳ್ಳುತ್ತದೆ. ಚಿಕ್ಕ ಪಂಖ ಸ್ವಲ್ಪ ಗಾಳಿಯನ್ನು ಜೋರಾಗಿ ತಳ್ಳಬೇಕು. ನೂಕುಬಲ ಒಂದೇ ಆದರೂ ಎರಡನೆಯ ರೀತಿಗೆ ಹಲವು ಪಟ್ಟು ಶಕ್ತಿ ಬೇಕು. 70 ಮಿಲಿಮೀಟರು ವ್ಯಾಸದ ಪಂಖ ನಿಮಿಷಕ್ಕೆ 40,000 ಸುತ್ತು ತಿರುಗಿದರೆ ಅದರ ತುದಿ ಗಂಟೆಗೆ 500 ಕಿಲೋಮೀಟರು ಮೀರಿದ ವೇಗದಲ್ಲಿರುತ್ತದೆ. ಇಂಥ ಹಸಿವನ್ನು ತಣಿಸುವ ಹಗುರವಾದ ಶಕ್ತಿ ಎಲ್ಲಿಂದ ಬರಬೇಕು?

ಅದು ವಿದ್ಯುತ್ತಿನಿಂದ ಬಂತು. ಆದರೆ ನಿಧಾನವಾಗಿ ಬಂತು. 1957ರ ಜೂನ್ 30ರಂದು ಇಂಗ್ಲೆಂಡಿನ ಕರ್ನಲ್ ಟ್ಯಾಪ್ಲಿನ್ ಬೆಳ್ಳಿ-ಸತುವಿನ ಬ್ಯಾಟರಿಯಿಂದ 'ರೇಡಿಯೋ ಕ್ವೀನ್' ಎಂಬ ಮಾದರಿಯನ್ನು ಹಾರಿಸಿದರು. ಜರ್ಮನಿಯಲ್ಲಿ ಫ್ರೆಡ್ ಮಿಲಿಟ್ಕಿ ಎಂಬ ಮಾದರಿ ತಜ್ಞರು ವಿದ್ಯುತ್ ಹಾರಾಟವನ್ನೇ ವ್ರತವಾಗಿ ಹಿಡಿದಿದ್ದರು. ಅವರ ಯೋಜನೆಯಂತೆ ಮಾರ್ಪಡಿಸಿದ ವಿಮಾನವೊಂದು 1973ರ ಅಕ್ಟೋಬರ್ 21ರಂದು ಆಸ್ಟ್ರಿಯಾದಲ್ಲಿ ಮನುಷ್ಯನನ್ನೇ ಹೊತ್ತು, ಬ್ಯಾಟರಿಯ ಬಲದಿಂದ ಕೆಲವು ನಿಮಿಷ ಹಾರಿತು. ಮತ್ತೊಮ್ಮೆ ಚಿಕ್ಕದು ಮುಂದೆ ನಡೆದು, ದೊಡ್ಡದು ಹಿಂಬಾಲಿಸಿತ್ತು. 1980ರ ದಶಕದಲ್ಲಿ ನಿಯೋಡಿಮಿಯಂ ಅಯಸ್ಕಾಂತಗಳು ಬಂದು ಮೋಟಾರು ಚಿಕ್ಕದಾಯಿತು. 1991ರಲ್ಲಿ ಸೋನಿ ಕಂಪನಿ ಲಿಥಿಯಂ-ಅಯಾನು ಬ್ಯಾಟರಿಯನ್ನು ಪೇಟೆಗೆ ತಂದಿತು. ಅದರ ಸಂತತಿಯಾದ ಲಿಥಿಯಂ ಪಾಲಿಮರ್ ಬ್ಯಾಟರಿ ಈ ಶತಮಾನದ ಆರಂಭದಲ್ಲಿ ಮಾದರಿಗಳೊಳಗೆ ಹೊಕ್ಕಿತು.

ಮೈಯ ವಸ್ತುವೂ ಅಷ್ಟರಲ್ಲಿ ಬದಲಾಗಿತ್ತು. ಜರ್ಮನಿಯ ಬಿ.ಎ.ಎಸ್.ಎಫ್. ಕಂಪನಿಯಲ್ಲಿ 1949ರ ಸುಮಾರಿಗೆ ಫ್ರಿಟ್ಸ್ ಸ್ಟಾಸ್ನಿ ಎಂಬ ವಿಜ್ಞಾನಿ, ಪಾಲಿಸ್ಟೈರೀನಿನ ಹರಳುಗಳನ್ನು ಉಗಿಯಲ್ಲಿ ಅರಳಿಸುವ ವಿಧಾನವನ್ನು ಕಂಡುಹಿಡಿದರು. ಬತ್ತ ಅರಳಾಗುವಂತೆ ಹರಳು ಉಬ್ಬಿ, ಒಂದಕ್ಕೊಂದು ಅಂಟಿಕೊಳ್ಳುತ್ತದೆ. ಹಾಗೆ ಆದ ವಸ್ತುವಿನಲ್ಲಿ ನೂರಕ್ಕೆ 98 ಪಾಲು ಗಾಳಿ. ಒಂದು ಲೀಟರಿಗೆ 20-30 ಗ್ರಾಂ ತೂಕ ಸಾಕು. ಇದೇ ನಮ್ಮ ಥರ್ಮೋಕೋಲು. ಹಗುರವೇನೋ ಹೌದು, ಬಿದ್ದರೆ ಮುರಿಯುತ್ತದೆ. ಮುಂದೆ ಬಂದ ಪಾಲಿಪ್ರೊಪಿಲೀನಿನ ನೊರೆ ಚೆಂಡಿನಂತೆ ಪುಟಿಯುತ್ತದೆ, ಆದರೆ ಬಳುಕುತ್ತದೆ. ಇಂದಿನ ಜೆಟ್ ಮಾದರಿಗಳಲ್ಲಿ ಹೆಚ್ಚಾಗಿ ಕಾಣುವ ಇ.ಪಿ.ಒ. ಎಂಬ ನೊರೆ ಇವೆರಡರ ನಡುವಿನ ಗುಣದ್ದು. ತಿಂಗಳುಗಟ್ಟಲೆ ಬಾಲ್ಸಾ ಕೆತ್ತುತ್ತಿದ್ದ ಜಾಗದಲ್ಲಿ ಅಚ್ಚು ಬಂತು. ಪೆಟ್ಟಿಗೆಯಿಂದ ತೆಗೆದ ವಿಮಾನ ಅದೇ ಸಂಜೆ ಹಾರುವಂತಾಯಿತು.

ಈಗ ಮೊದಲನೆಯ ಪ್ರಶ್ನೆಗೆ ಬರೋಣ. ಇದನ್ನು ಚುರುಕುಗೊಳಿಸುವುದು ಹೇಗೆ? ಮೂರು ಕೋಶದ ಬ್ಯಾಟರಿಯಿದ್ದಲ್ಲಿ ನಾಲ್ಕು ಕೋಶದ್ದನ್ನಿಟ್ಟರೆ 11.1 ವೋಲ್ಟಿನ ಬದಲು 14.8 ವೋಲ್ಟು ದೊರೆಯುತ್ತದೆ. ಪಂಖ ಜೋರಾಗಿ ತಿರುಗುತ್ತದೆ. ಆದರೆ ಮೋಟಾರನ್ನು ಆಳುವ ನಿಯಂತ್ರಕ ಆ ವೋಲ್ಟನ್ನೂ ಪ್ರವಾಹವನ್ನೂ ತಾಳಬೇಕು. ಇಲ್ಲವಾದರೆ ಮೊದಲು ಸುಡುವುದು ಅದೇ. ಅದನ್ನೂ ಬದಲಾಯಿಸಿದಿರಿ ಎನ್ನಿ. ತೂಕ ಏರಿತು. ತೂಕ ನೂರಕ್ಕೆ 21 ಪಾಲು ಏರಿದರೆ ಇಳಿಯುವ ವೇಗ ನೂರಕ್ಕೆ 10 ಪಾಲು ಏರುತ್ತದೆ. ನೊರೆಯಲ್ಲಿ ಹೂತಿದ್ದ ಚಕ್ರದ ಕಾಲು ಆ ಹೊಡೆತಕ್ಕೆ ಕಿತ್ತುಬರುತ್ತದೆ. ಅಲ್ಲಿಗೊಂದು ಪದರ ಹಲಗೆಯ ತುಂಡು ಬೇಕಾಗುತ್ತದೆ. ಭಾರದ ಕೇಂದ್ರವೂ ಸರಿದಿರುತ್ತದೆ. ಪೆನೋನ ತಕ್ಕಡಿಯನ್ನು ಮತ್ತೆ ನಿಲ್ಲಿಸಬೇಕು. ಇನ್ನು ವೇಗ. ಗಂಟೆಗೆ 100 ಕಿಲೋಮೀಟರು ಹಾರುತ್ತಿದ್ದ ವಿಮಾನ 140ಕ್ಕೆ ಏರಿದರೆ ಗಾಳಿಯ ಒತ್ತಡ ಸುಮಾರು ಎರಡರಷ್ಟಾಗುತ್ತದೆ. ಬಳುಕುವ ರೆಕ್ಕೆ ಆಗ ಇದ್ದಕ್ಕಿದ್ದಂತೆ ಅದುರತೊಡಗಿ, ಕಣ್ಣು ಮಿಟುಕಿಸುವಷ್ಟರಲ್ಲಿ ಹರಿದುಹೋಗಬಹುದು.

ಈ ಅದುರುವ ರೋಗ ದೊಡ್ಡ ವಿಮಾನಗಳನ್ನೂ ಕಾಡಿದ್ದುಂಟು. 1916ರಲ್ಲಿ ಇಂಗ್ಲೆಂಡಿನ ಹ್ಯಾಂಡ್ಲಿ ಪೇಜ್ ಬಾಂಬರ್ ವಿಮಾನದ ಬಾಲ ಭಯಂಕರವಾಗಿ ತೊನೆಯುತ್ತಿತ್ತು. ಫ್ರೆಡರಿಕ್ ಲ್ಯಾಂಚೆಸ್ಟರ್ ಅದನ್ನು ಪರೀಕ್ಷಿಸಿ, ಎಡಬಲದ ಏರುಪಟ್ಟಿಗಳನ್ನು ಬಿಗಿಯಾದ ಕೊಳವೆಯಿಂದ ಒಂದಕ್ಕೊಂದು ಜೋಡಿಸುವಂತೆ ಹೇಳಿದರು. ಇಂದು ಹವ್ಯಾಸಿ ತನ್ನ ನೊರೆಯ ರೆಕ್ಕೆಯಲ್ಲಿ ಗೀರು ಕೊಯ್ದು ಇಂಗಾಲ ನಾರಿನ ಕಡ್ಡಿಯನ್ನು ಹೂಳುವಾಗ, ಸಡಿಲವಾದ ತಂತಿಗಳನ್ನು ಬದಲಿಸಿ ಬಿಗಿಯಾದವನ್ನು ಹಾಕುವಾಗ, ಲ್ಯಾಂಚೆಸ್ಟರರ ಮದ್ದನ್ನೇ ಕೊಡುತ್ತಿರುತ್ತಾನೆ. ಈ ಕ್ರಮವನ್ನು ಮರೆಯದಿದ್ದರೆ ಸಾಕು: ಮೊದಲು ಮೈ ಬಿಗಿಯಾಗಲಿ, ಬಳಿಕ ಯಂತ್ರ ಬಲವಾಗಲಿ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಹಾರಿಸಿ ನೋಡಿ, ಆಮೇಲೆ ಮುಂದಿನದು.

ಮೈ ಮತ್ತು ಯಂತ್ರಗಳ ಈ ಹೊಂದಾಣಿಕೆ ಎಷ್ಟು ಕಠಿಣವಾದುದು ಎಂಬುದನ್ನು ತಿಳಿಯಲು ಬೆಂಗಳೂರಿನವರು ದೂರ ಹೋಗಬೇಕಾಗಿಲ್ಲ. 1956ರಲ್ಲಿ ಜರ್ಮನಿಯ ಹೆಸರಾಂತ ವಿನ್ಯಾಸಕಾರ ಕುರ್ಟ್ ಟ್ಯಾಂಕ್ ಹಿಂದುಸ್ತಾನ್ ವಿಮಾನ ಕಾರ್ಖಾನೆಗೆ ಬಂದು, ನಮ್ಮ ಎಂಜಿನಿಯರುಗಳೊಡನೆ ಎಚ್.ಎಫ್.-24 'ಮಾರುತ' ಎಂಬ ಜೆಟ್ ಯುದ್ಧವಿಮಾನವನ್ನು ರೂಪಿಸತೊಡಗಿದರು. ಜೆಟ್ಟನ್ನು ಕಟ್ಟುವ ಮೊದಲು ಅವರು ಮಾಡಿದ್ದೇನು ಬಲ್ಲಿರಾ? ಅದೇ ಅಳತೆಯ, ಅದೇ ರೂಪದ ಮರದ ವಿಮಾನವೊಂದನ್ನು ಕಟ್ಟಿದರು. ಅದಕ್ಕೆ ಯಂತ್ರವೇ ಇರಲಿಲ್ಲ. 1959ರಲ್ಲಿ ಡಕೋಟಾ ವಿಮಾನಕ್ಕೆ ಕಟ್ಟಿ ಅದನ್ನು ಮೇಲಕ್ಕೆಳೆದೊಯ್ದು ಬಿಟ್ಟು, ತೇಲಿಸಿ, ರೂಪದ ಗುಣದೋಷಗಳನ್ನು ಅರಿತರು. ಬೆಂಗಳೂರಿನ ಆಕಾಶದಲ್ಲಿ ಹಾರಿದ ಮೊದಲ ಮಾರುತವೆಂದರೆ ಒಂದು ದೊಡ್ಡ ಮಾದರಿ ವಿಮಾನವೇ! ನಿಜವಾದ ಜೆಟ್ಟು 1961ರ ಜೂನ್ 17ರಂದು ಸುರಂಜನ್ ದಾಸರ ಕೈಯಲ್ಲಿ ಹಾರಿತು.

ಮಾರುತದ ಮೈಯನ್ನು ಶಬ್ದದ ಎರಡರಷ್ಟು ವೇಗವನ್ನು ಗುರಿಯಾಗಿಟ್ಟುಕೊಂಡು ರೂಪಿಸಲಾಗಿತ್ತು. ಅದಕ್ಕೆ ತಕ್ಕ ಯಂತ್ರ ಕೊನೆಗೂ ಒದಗಲಿಲ್ಲ. ಎರಡು ಆರ್ಫಿಯಸ್ ಯಂತ್ರಗಳಿಂದಲೇ ತೃಪ್ತಿಪಡಬೇಕಾಯಿತು. ಲ್ಯಾಂಗ್ಲೆಯವರಲ್ಲಿ ಯಂತ್ರವಿದ್ದು ಮೈ ಇರಲಿಲ್ಲ. ಇಲ್ಲಿ ಮೈಯಿದ್ದು ಯಂತ್ರವಿರಲಿಲ್ಲ. ಅದೇ ಯಂತ್ರಗಳಿಗೆ ಮರುದಹನದ ವ್ಯವಸ್ಥೆಯನ್ನು ಸೇರಿಸಿ ಬಲ ಹೆಚ್ಚಿಸುವ ಪ್ರಯೋಗಗಳು ನಡೆದುವು. 1970ರ ಜನವರಿ 10ರಂದು ಅಂಥ ಪ್ರಯೋಗದ ವಿಮಾನ ಅಪಘಾತಕ್ಕೀಡಾಗಿ ಗ್ರೂಪ್ ಕ್ಯಾಪ್ಟನ್ ಸುರಂಜನ್ ದಾಸರು ಮಡಿದರು. ಕಾರ್ಖಾನೆಯ ಬಳಿಯ ರಸ್ತೆಯೊಂದು ಅವರ ಹೆಸರನ್ನು ಹೊತ್ತಿದೆ. ದಿನವೂ ಸಾವಿರಾರು ವಾಹನಗಳು ಅದರ ಮೇಲೆ ಓಡುತ್ತವೆ. ನೊರೆಯ ಜೆಟ್ಟು ಬಿದ್ದರೆ ಅಂಟು ಹಚ್ಚಿ ಸರಿಪಡಿಸುತ್ತೇವೆ. ಅದೇ ವಿದ್ಯೆಯನ್ನು ಪ್ರಾಣವನ್ನೊತ್ತೆಯಿಟ್ಟು ಕಲಿತವರಿದ್ದರೆಂಬುದನ್ನು ಅಂಟು ಒಣಗುವಷ್ಟು ಹೊತ್ತಾದರೂ ನೆನೆಯುವುದು ಒಳ್ಳೆಯದು.

ಎರಡನೆಯ ಪ್ರಶ್ನೆ, ಕಾಪಾಡುವುದು ಹೇಗೆ ಎಂಬುದು. ನೊರೆಗೆ ನೀರಿನ ಭಯ ಕಡಿಮೆ. ಬಿಸಿಲಿನ ಭಯ ಬಹಳ. ಬಿಸಿಲು ಬಿದ್ದ ಜಾಗ ಹಳದಿಯಾಗಿ, ಪುಡಿಪುಡಿಯಾಗುತ್ತದೆ. ಮುಚ್ಚಿದ ಕಾರಿನೊಳಗಿನ ಮಧ್ಯಾಹ್ನದ ಕಾವು, ಹಂಚಿನ ಕೆಳಗಿನ ಅಟ್ಟದ ಬೇಸಗೆಯ ಕಾವು ರೆಕ್ಕೆಯನ್ನು ತಿರುಚಲು ಸಾಕು. ವಿಮಾನವನ್ನು ರೆಕ್ಕೆಯ ತುದಿಯ ಮೇಲೆ ಒರಗಿಸಿ ಇಡಬಾರದು. ತನ್ನ ಭಾರಕ್ಕೆ ತಾನೇ ತಿಂಗಳುಗಳಲ್ಲಿ ಬಾಗುತ್ತದೆ. ರೆಕ್ಕೆ ಬಿಚ್ಚುವಂತಿದ್ದರೆ ಬಿಚ್ಚಿ, ಹಳೆಯ ಪಂಚೆಯಲ್ಲಿ ಸುತ್ತಿ, ಬಂದ ಪೆಟ್ಟಿಗೆಯಲ್ಲೇ ಮಲಗಿಸಿ. ಇಲ್ಲವೇ ಅಗಲವಾದ ಬಟ್ಟೆಯ ಪಟ್ಟಿಯಿಂದ ಗೋಡೆಗೆ ತೂಗುಹಾಕಿ. ದಾರ ಮೈಯನ್ನು ಕೊಯ್ಯುತ್ತದೆ. ಪೆಟ್ರೋಲು, ಉಗುರುಬಣ್ಣ ಕಳೆಯುವ ದ್ರವ, ಕೆಲವು ಜಾತಿಯ ಅಂಟುಗಳು ಥರ್ಮೋಕೋಲನ್ನು ಬೆಲ್ಲದಂತೆ ಕರಗಿಸಿಬಿಡುತ್ತವೆ, ಅವು ಹತ್ತಿರವಿರಬಾರದು. ಇ.ಪಿ.ಒ. ನೊರೆಯಲ್ಲಿ ಬಿದ್ದ ಗುಳಿಯನ್ನು ಬಿಸಿನೀರಿನ ಬಟ್ಟೆಯ ಶಾಖದಿಂದ ಬಹುಮಟ್ಟಿಗೆ ಎಬ್ಬಿಸಬಹುದು. ಮಲೆನಾಡು, ಕರಾವಳಿಯ ಮಳೆಗಾಲದಲ್ಲಿ ನೊರೆ ಉಳಿದರೂ ಒಳಗಿನ ಉಕ್ಕಿನ ತಂತಿ, ಗುಂಡುಗಳು, ಜೋಡಣೆಗಳು ತುಕ್ಕು ಹಿಡಿಯುತ್ತವೆ. ಅದಕ್ಕೆ ತೇವ ಹೀರುವ ಹರಳಿನ ಪೊಟ್ಟಣಗಳನ್ನು ಪೆಟ್ಟಿಗೆಯಲ್ಲಿಡುವುದು ಲೇಸು.

ಬ್ಯಾಟರಿಯನ್ನು ಮಾತ್ರ ಎಂದಿಗೂ ವಿಮಾನದೊಳಗೆ ಬಿಟ್ಟು ಮಲಗಬೇಡಿ. ಲಿಥಿಯಂ ಪಾಲಿಮರ್ ಕೋಶ ತುಂಬಿದಾಗ 4.2 ವೋಲ್ಟು ತೋರಿಸುತ್ತದೆ. ತುಂಬಿಟ್ಟರೆ ಊದಿಕೊಳ್ಳುತ್ತದೆ, 3 ವೋಲ್ಟಿಗಿಂತ ಕೆಳಗೆ ಬರಿದು ಮಾಡಿಟ್ಟರೆ ಸಾಯುತ್ತದೆ. ಕೋಶವೊಂದಕ್ಕೆ ಸುಮಾರು 3.8 ವೋಲ್ಟು ಉಳಿಸಿ, ತಂಪಾದ ಜಾಗದಲ್ಲಿಡಬೇಕು. ಗಾಯಗೊಂಡ ಕೋಶ ತಾನಾಗಿ ಹೊತ್ತಿಕೊಳ್ಳಬಲ್ಲದು, ಆ ಬೆಂಕಿ ಬಲು ಉಗ್ರ. ಆದುದರಿಂದ ಮರದ ಬೀರು, ಹಾಸಿಗೆಯ ಕೆಳಗು ಅದಕ್ಕೆ ಸ್ಥಳಗಳಲ್ಲ. ಉರಿಯದ ನೆಲದ ಮೇಲೆ, ಮಣ್ಣಿನ ಕುಂಡದಂಥ ಪಾತ್ರೆಯಲ್ಲಿಡುವುದು ಕ್ಷೇಮ. ವಿದ್ಯುತ್ತು ತುಂಬುವಾಗ ಪಕ್ಕದಲ್ಲಿ ಒಬ್ಬರು ಇರಲೇಬೇಕು. ಊದಿದ ಬ್ಯಾಟರಿಯನ್ನು ಹಣಕ್ಕೆ ಮರುಗಿ ಮತ್ತೆ ಬಳಸಬೇಡಿ. ಹೊರತೆಗೆದು ಹಾರಿಸುವ ಮುನ್ನ ಭಾರದ ಕೇಂದ್ರ, ಕೀಲುಗಳು, ಪಂಖದ ಅಲುಗುಗಳು, ಬಾನುಲಿಯ ದೂರ ಇವನ್ನೆಲ್ಲ ಪರೀಕ್ಷಿಸಬೇಕೆಂದು ಬೇರೆ ಹೇಳಬೇಕಾಗಿಲ್ಲ. 2021ರ ಡ್ರೋನ್ ನಿಯಮಗಳು ಇಂಥ ಮಾದರಿಗಳನ್ನೂ ಲೆಕ್ಕಕ್ಕೆ ತೆಗೆದುಕೊಂಡಿವೆ. ನಿಮ್ಮ ಊರಿನ ಮೇಲಿನ ಆಕಾಶ ಯಾವ ವಲಯಕ್ಕೆ ಸೇರಿದೆ ಎಂಬುದನ್ನೂ ವಿಚಾರಿಸಿಕೊಳ್ಳಿ.

ಬಾಲ್ಸಾದ ವಿಮಾನಗಳನ್ನು ಕಟ್ಟಿದವರು ಜೋಪಾನವಾಗಿಡುತ್ತಿದ್ದರೆಂದು ಹಿಂದೆ ಹೇಳಿದೆನಷ್ಟೆ. ಗುಡ್ ಸಹೋದರರ 'ಗಫ್' ಸಂಗ್ರಹಾಲಯ ಸೇರುವವರೆಗೆ ಉಳಿದದ್ದು ಅದರಿಂದಲೇ. ನಮ್ಮ ಮಾರುತವನ್ನು ಬೆಂಗಳೂರಿನ ವಿಶ್ವೇಶ್ವರಯ್ಯ ವಸ್ತುಸಂಗ್ರಹಾಲಯದ ಅಂಗಳದಲ್ಲಿ ಯಾರು ಬೇಕಾದರೂ ನೋಡಬಹುದು. ನೊರೆಯ ವಿಮಾನದ ಗತಿ ಬೇರೆ. ಅದು ಅಗ್ಗವಾಗಿ ಬಂತು, ಸಲೀಸಾಗಿ ಬಂತು. ಹಾಗಾಗಿ ಮುರಿದೊಡನೆ ತಿಪ್ಪೆಗೆ ಹೋಗುತ್ತದೆ. ಅಲ್ಲಿ ಮಾತ್ರ ಅದು ಕೊಳೆಯುವುದಿಲ್ಲ. ಇಪ್ಪತ್ತು ವರ್ಷದ ಹಿಂದೆ ಮೊದಲ ನೊರೆಯ ಜೆಟ್ಟುಗಳನ್ನು ಹಾರಿಸಿದವರ ಮನೆಗಳಲ್ಲಿ ಅವುಗಳಲ್ಲಿ ಎಷ್ಟು ಉಳಿದಿವೆ? ವಿಮಾನಗಳ ಮನೆತನದಲ್ಲಿ ಈ ಒಂದು ತಲೆಮಾರು ಗುರುತಿಲ್ಲದೆ ಅಳಿಸಿಹೋಗಬಾರದೆಂದು ನನಗನ್ನಿಸುತ್ತದೆ.

ಅದಕ್ಕೆ ದೊಡ್ಡ ಖರ್ಚೇನೂ ಬೇಡ. ಒಂದು ರಟ್ಟಿನ ಚೀಟಿಯ ಮೇಲೆ ವಿಮಾನ ಕೊಂಡ ತಾರೀಖು, ಆಗಿನ ತೂಕ, ಭಾರದ ಕೇಂದ್ರ, ಯಾವಾಗ ಏನನ್ನು ಬದಲಿಸಿದಿರಿ, ಬದಲಿಸಿದ ಮೇಲೆ ಹೇಗೆ ಹಾರಿತು, ಎಲ್ಲಿ ಮುರಿಯಿತು ಎಂಬುದನ್ನು ಬರೆದು, ಪೆಟ್ಟಿಗೆಯಲ್ಲಿ ವಿಮಾನದ ಜೊತೆಗೇ ಇಡಿ. ಮುಂದಿನ ಮಳೆಗಾಲ ಕಳೆದು ನೀವೇ ಅದನ್ನು ತೆರೆದಾಗ ಆ ಚೀಟಿ ನಿಮಗೆ ಉಪಯೋಗಕ್ಕೆ ಬರುತ್ತದೆ. ಇನ್ನೂ ಎಷ್ಟೋ ವರ್ಷಗಳ ಮೇಲೆ ನಿಮ್ಮ ಮನೆಯ ಹುಡುಗಿಯೋ ಹುಡುಗನೋ ತೆರೆದರೆ, ಮುರುಕು ನೊರೆಯ ನಡುವೆ ಅವರಿಗೆ ಸಿಕ್ಕುವ ನಿಜವಾದ ವಿಮಾನವೂ ಅದೇ ಆದೀತು.